ಕತ್ತರಿ ಪಟ್ಟಾ

ಗಿರಣಿ ಹಿಂದಕ್ಕೆ ತಿರುಗಿದ್ದು ಕರೆಂಟಿನ ತಪ್ಪಲ್ಲ, ವಾಯರಮನ್ನನ ಮರೆವೂ ಅಲ್ಲ. ನನ್ನ ಮೈದುನ ತಿರುಗಿಸಿದ. ಮನೆಯವರು ಆಮೇಲೆ ಇದಕ್ಕೆ ನಾಲ್ಕು ನಮೂನೆ ಕಥೆ ಕಟ್ಟಿದರು. ಮೊಮ್ಮಕ್ಕಳು ಕೇಳಿದರೆ ಈಗಲೂ ‘ಏನೋ ಗೊಂದಲ ಆಗಿತ್ತು’ ಎನ್ನುತ್ತಾರೆ. ಗೊಂದಲ ಏನೂ ಆಗಿರಲಿಲ್ಲ. ಒಬ್ಬ ಮನುಷ್ಯ ಎಣಿಕೆ ಹಾಕಿ ಮಾಡಿದ ಕೆಲಸ ಅದು. ನಾನೂ ಎಣಿಕೆ ಹಾಕಿಯೇ ತೀರಿಸಿದೆ.

ನಾನು ಕಲಿತದ್ದು ಎರಡನೇ ಇಯತ್ತೆ. ತವರು ಮಾಸೂರು, ಹಿರೇಕೆರೂರಿನ ಕಡೆ. ಗಂಡನ ಮನೆ ಸವಣೂರು. ಲಗ್ನವಾಗಿ ಬಂದಾಗ ಇವರ ಗಿರಣಿ ಎಣ್ಣೆ ಇಂಜಿನ್ ಮೇಲೆ ನಡೆಯುತ್ತಿತ್ತು. ಅದರ ಸದ್ದು ಅರ್ಧ ಊರಿಗೆ ಕೇಳುತ್ತಿತ್ತು, ಹೊಗೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಆಮೇಲೆ ಕರೆಂಟು ಬಂತು, ಮೋಟಾರು ಬಂತು. ಇಂಜಿನ್ ಮೂಲೆ ಸೇರಿತು. ನನ್ನ ಗಂಡನಿಗೆ ಚಹಾದಂಗಡಿಯಲ್ಲಿ ಮಾತಿಗೆ ಕೂರುವ ಚಟ. ತಾನು ಅಲ್ಲಿ ಕೂರಬೇಕೆಂದು ಕಲ್ಲು ಏರಿಸುವುದು, ಇಳಿಸುವುದು, ಕಲ್ಲು ತಿರುಗಿಸುವ ಪಟ್ಟಾ ಕೂಡಿಸುವುದು, ಸುಟ್ಟ ಫ್ಯೂಜಿಗೆ ತಂತಿ ಕಟ್ಟುವುದು ಎಲ್ಲವನ್ನೂ ನನಗೆ ಕಲಿಸಿದ. ಕಾಮಾಲೆಯಾಗಿ ತೀರಿಕೊಂಡಾಗ ಬಿಟ್ಟುಹೋದದ್ದು ಇದೊಂದೇ ವಿದ್ಯೆ. ಅಳುವುದು ಹದಿಮೂರು ದಿನಕ್ಕೆ ಮುಗಿಯಿತು. ಹದಿನಾಲ್ಕನೇ ದಿನ ಗಿರಣಿ ಬಾಗಿಲು ತೆಗೆದೆ.

ಮೈದುನನಿಗೆ ಅಂದೇ ಹೊಟ್ಟೆ ಉರಿಯಿತು. ಅಣ್ಣ ಸತ್ತ ಮೇಲೆ ಗಿರಣಿ ತನಗೆ ಬರುತ್ತದೆ ಎಂದು ಅವನು ತಿಳಿದಿದ್ದ. ಗಿರಣಿ ಇದ್ದದ್ದು ಮಾವನ ಹೆಸರಿನಲ್ಲಿ. ಮಾವ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಇಬ್ಬರಿಗೂ ಹಂಚಿದರು. ಗಿರಣಿಯನ್ನು ಮಾತ್ರ ಹಂಚಲು ಬರಲಿಲ್ಲ. ಎರಡು ಕಲ್ಲು ಒಂದರ ಮೇಲೊಂದು ಇದ್ದರಷ್ಟೇ ಹಿಟ್ಟು. ಪಡಸಾಲೆಯಲ್ಲಿ ಇಬ್ಬರನ್ನೂ ನಿಲ್ಲಿಸಿಕೊಂಡು ಮಾವ ಹೇಳಿದರು.

“ಹೆಣ್ಮಗಳು ಗಿರಣಿ ನಡಸ್ತಾಳಂತ ಮಂದಿ ಆಡಿಕೊಳ್ಳಾಕತ್ತಾರ. ಆಡಿಕೊಳ್ಳಲಿ. ಕೀಲಿಕೈ ಈಕಿ ಕಡೇನ ಇರಲಿ. ಆದ್ರ ಗಿರಣಿ ಒಂದ ದಿನ ನಿಂತ್ರ, ಅವತ್ತಿನ ಕಾಳು ಅವತ್ತ ಹೊತ್ತು ಮುಳಗೂದ್ರಾಗ ಹಿಟ್ಟಾಗಲಿಲ್ಲಂದ್ರ, ಕೀಲಿಕೈ ಸಣ್ಣಾವಗ.”

ಇದು ಬರೀ ಹಟದ ಮಾತಲ್ಲ. ನಮ್ಮ ಕಡೆ ಜೋಳದ ಹಿಟ್ಟನ್ನು ಯಾರೂ ತಿಂಗಳುಗಟ್ಟಲೆ ಬೀಸಿ ಇಡುವುದಿಲ್ಲ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟುವಾಗ ಸೀಳುತ್ತದೆ. ಇವತ್ತು ಡಬ್ಬಿ ತಂದರೆ ನಾಳೆ, ನಾಡಿದ್ದು ರೊಟ್ಟಿ. ಗಿರಣಿ ನಿಂತರೆ ಊರ ಒಲೆಗಳು ನಿಲ್ಲುತ್ತವೆ, ಹೆಂಗಸರು ಬೇರೆ ಗಿರಣಿ ನೋಡಿಕೊಳ್ಳುತ್ತಾರೆ. ಒಮ್ಮೆ ಹೋದವರು ತಿರುಗಿ ಬರುವುದಿಲ್ಲ. ಮಾವನ ಲೆಕ್ಕ ಸರಿಯಾಗಿಯೇ ಇತ್ತು. ನಾನು ಸೊಂಟಕ್ಕೆ ಕೀಲಿಕೈ ಸಿಕ್ಕಿಸಿಕೊಂಡು ಹೂಂ ಎಂದೆ.

ಅದಾಗಿ ಎರಡು ವರ್ಷ ಗಿರಣಿ ಒಂದು ದಿನವೂ ನಿಲ್ಲಲಿಲ್ಲ. ತಾನಾಗಿ ನಿಲ್ಲುವುದಿಲ್ಲವೆಂದು ಮೈದುನನಿಗೆ ತಿಳಿಯಿತು. ನಿಲ್ಲಿಸುವ ದಾರಿ ಹುಡುಕಿದ.

ಕರೆಂಟಿನ ಮರದ ಬೋರ್ಡು, ಫ್ಯೂಜು, ಮೀಟರು ಎಲ್ಲವೂ ಗಿರಣಿಯ ಹಿಂದಿನ ಗೋಡೆಯಲ್ಲಿದ್ದವು. ಪಾಲಿನಲ್ಲಿ ಆ ಗೋಡೆ ಅವನ ಪಡಸಾಲೆಗೆ ಹೋಗಿತ್ತು. ಎಳ್ಳ ಅಮಾವಾಸ್ಯೆ ವಾರ ಇರುವಾಗ ಬಂದು ನಿಂತ.

“ವೈನಿ, ಈ ಗ್ವಾಡಿ ನಂದು. ಇದರ ಮ್ಯಾಲೆ ನಿಮ್ಮದೇನೈತಿ ಎಲ್ಲಾ ತಗೀರಿ. ನಾ ಇಲ್ಲೆ ಕಪಾಟು ಕೂಡಸಾಂವ.”

“ಅಮಾಸಿ ಮುಗೀಲಿ, ತಗಸ್ತೇನಿ.”

“ಅಮಾಸಿಗೂ ಕಪಾಟಿಗೂ ಏನ್ ಸಂಬಂಧ. ಈ ವಾರದಾಗ ತಗೀಬೇಕು.”

ಸಂಬಂಧ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಬೇಕು. ಬುಟ್ಟಿಗಟ್ಟಲೆ ಸಜ್ಜೆ ರೊಟ್ಟಿ, ಕಡುಬು ಆಗಬೇಕು. ಇಡೀ ಊರಿನ ಸಜ್ಜೆ ನಾಲ್ಕು ದಿನದಲ್ಲಿ ನನ್ನ ಕಲ್ಲಿಗೆ ಬೀಳುತ್ತಿತ್ತು. ಆ ನಾಲ್ಕು ದಿನದಲ್ಲಿ ಗಿರಣಿ ನಿಂತರೆ ಮಾವನ ಮುಂದೆ ಸಾಕ್ಷಿ ಬೇರೆ ಬೇಡ. ಮಾವನನ್ನು ಕೇಳಿದೆ. “ಗ್ವಾಡಿ ಅವಂದು ಹೌದಲ್ಲ,” ಎಂದರು. ಅಲ್ಲಿಗೆ ಮುಗಿಯಿತು.

ಶಿಗ್ಗಾಂವಿಯಿಂದ ವಾಯರಮನ್ ಬಂದ. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಬೀಡಿ. ಬೀದಿ ಕಡೆಯ ಗೋಡೆಗೆ ಹೊಸ ಕಬ್ಬಿಣದ ಬೋರ್ಡು ಕೂಡಿಸಬೇಕು, ಹಳೆಯದರಿಂದ ಎಲ್ಲ ಲೈನು ಅದಕ್ಕೆ ಬರಬೇಕು, ಎರಡು ದಿನ ಕರೆಂಟು ಬಂದ್ ಎಂದ.

“ಬಂದ್ ಮಾಡಬ್ಯಾಡ್ರಿ,” ಎಂದೆ. “ಏನರ ಮಾಡ್ರಿ, ನನ್ನ ಕಲ್ಲು ನಿಂದರಬಾರದು.”

“ಅಕ್ಕಾರ, ಹರಿಯೋ ನೀರಾಗ ನಿಂತು ಒಡ್ಡು ಕಟ್ಟು ಅಂದಂಗಾತಲ್ರಿ ಇದು.”

“ನಮ್ಮ ಮಾಸೂರ ಮಂದಿ ಕಟ್ಯಾರ. ನೀವೂ ಕಟ್ರಿ.”

ನಕ್ಕ. ಬೀಡಿ ಹಚ್ಚಿ ಎರಡೂ ಗೋಡೆ ನೋಡಿಕೊಂಡು ಬಂದ. ಆಮೇಲೆ ಅವನೇ ದಾರಿ ಹೇಳಿದ. ಮೊದಲು ಮೀಟರು ಹೊಸ ಗೋಡೆಗೆ. ಅಲ್ಲಿಂದ ಹಳೆಯ ಬೋರ್ಡಿಗೆ ಒಂದು ಹಂಗಾಮಿ ವಾಯರು ಎಳೆದರೆ ಹಳೆಯ ಬೋರ್ಡಿನಲ್ಲಿ ಜೀವ ಇರುತ್ತದೆ. ಆಮೇಲೆ ಒಂದೊಂದೇ ಲೈನು ಬಿಚ್ಚಿ ಹೊಸದಕ್ಕೆ ಹಾಕುವುದು. ಗಿರಣಿಯ ದೀಪ ಮೊದಲು, ಖಾರ ಕುಟ್ಟುವ ಯಂತ್ರ ಆಮೇಲೆ, ಬೀಸುವ ಮೋಟಾರು ಕೊನೆಗೆ. ಮೀಟರು ಕೀಳುವಾಗ ಒಮ್ಮೆ, ಮೋಟಾರಿನ ಲೈನು ಬದಲಿಸುವಾಗ ಒಮ್ಮೆ, ಊಟ ಮುಗಿಸುವಷ್ಟು ಹೊತ್ತು ಕಲ್ಲು ನಿಂತರೆ ಸಾಕು. ಅಷ್ಟು ಹೊತ್ತು ನಿಲ್ಲುವುದು ನಿಂತ ಲೆಕ್ಕಕ್ಕೆ ಬರುವುದಿಲ್ಲ. ಕಲ್ಲು ತಣಿಯಲು ದಿನಾಲೂ ಬಿಡುತ್ತಿದ್ದೆ.

ಹಳೆಯ ಬೋರ್ಡಿನಲ್ಲಿ ಇನ್ನೊಂದು ಸಣ್ಣ ಲೈನಿತ್ತು. ಅದನ್ನು ಬೆರಳಿನಿಂದ ಮುಟ್ಟಿ ಕೇಳಿದ.

“ಇದು ಎಲ್ಲಿಗೆ ಹೊಕ್ಕೈತ್ರಿ?”

“ಮೈದುನನ ಮನಿಗೆ. ಎರಡು ದೀಪ, ಒಂದು ರೇಡಿಯೋ.”

“ಅವರದು ಬ್ಯಾರೆ ಮೀಟರ್ ಇಲ್ಲೇನು?”

“ಇಲ್ಲ. ಒಂದ ಮನಿ ಇದ್ದಾಗಿಂದು. ಅದನ್ನೂ ಹೊಸಾದಕ್ಕ ಹಾಕ್ರಿ. ಅವನ ಮನ್ಯಾಗೂ ದೀಪ ಉರೀಬೇಕಲ್ಲ.”

ಈ ಮಾತು ಆಡಿದ್ದು ನಾನೇ, ಈ ಬಾಯಿಂದಲೇ. ಇದನ್ನು ನೆನಪಿಟ್ಟು ಬರೆದಿದ್ದೇನೆ. ನನ್ನನ್ನು ಕಲ್ಲೆದೆಯವಳು ಎಂದವರು ಇದನ್ನು ಓದಲಿ.

ಮೊದಲ ದಿನ ಎಲ್ಲ ಹೇಳಿದಂತೆ ಆಯಿತು. ಮೀಟರು ಬದಲಾಗುವ ಮೊದಲೇ ಇಪ್ಪತ್ತು ಡಬ್ಬಿ ಬೀಸಿ ಸಾಲಾಗಿ ಇಟ್ಟಿದ್ದೆ. ಬಂದವರು ತಮ್ಮ ತಮ್ಮ ಡಬ್ಬಿ ಒಯ್ದರು. ನಡುವೆ ಕಲ್ಲು ಸುಮ್ಮನಿದ್ದದ್ದು ಯಾರಿಗೂ ತಿಳಿಯಲಿಲ್ಲ. ಸಂಜೆಗೆ ದೀಪವೂ ಖಾರದ ಯಂತ್ರವೂ ಹೊಸ ಬೋರ್ಡಿನಿಂದ ನಡೆಯುತ್ತಿದ್ದವು. ಮೋಟಾರು ಇನ್ನೂ ಹಳೆಯದರಲ್ಲಿತ್ತು.

ಮೋಟಾರಿಗೆ ಹೋಗುವ ವಾಯರು ಮೂರು. ಮೂರಕ್ಕೂ ಒಂದೇ ಕಪ್ಪು ಬಣ್ಣ. ಬಿಚ್ಚಿದ ಮೇಲೆ ಯಾವುದು ಎಲ್ಲಿಯದು ಎಂದು ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ ಎಂದು ಕೇಳಿದೆ. ನೆನಪಿರುತ್ತದೆ ಎಂದ. ನೆನಪನ್ನು ನಂಬುವವಳಲ್ಲ ನಾನು. ಒಳಗೆ ಹೋಗಿ ಹಳೆಯ ಸೀರೆಯ ಕೆಂಪು ಚಿಂದಿ, ಗಂಡನ ಧೋತರದ ಬಿಳಿ ಚಿಂದಿ, ಕುಪ್ಪಸದ ಹಸಿರು ಚಿಂದಿ ತಂದು ಎಡದಿಂದ ಬಲಕ್ಕೆ ಒಂದೊಂದಕ್ಕೆ ಕಟ್ಟಿದೆ. ಕೆಂಪು, ಬಿಳಿ, ಹಸಿರು.

“ಅಕ್ಕಾರು ಭಾಳ ಶಾಣ್ಯಾರದೀರಿ,” ಎಂದ ವಾಯರಮನ್. “ಈ ಕೆಂಪು ಹಸರು ಅದಲಬದಲ ಆತಂದ್ರ ಮುಗೀತು. ಮೋಟಾರು ಹಿಂದಕ್ಕ ತಿರಗತೈತಿ.”

ಮೈದುನ ಬಾಗಿಲಿಗೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದ. ಮೆಲ್ಲುವುದು ನಿಲ್ಲಿಸಿದ.

“ಖರೇನ?” ಎಂದ.

“ಖರೇನ ರೀ. ಎರಡು ವಾಯರ್ ಬದಲಾದ್ರ ಸಾಕು.”

ಅಷ್ಟೇ. ಎಲೆಯನ್ನು ಮತ್ತೆ ಮೆಲ್ಲತೊಡಗಿದ. ಆ ‘ಖರೇನ’ ನನ್ನ ಕಿವಿಯಲ್ಲಿ ಈಗಲೂ ಇದೆ.

ಎರಡನೇ ದಿನ ವಾಯರಮನ್ನನಿಗೆಂದು ನಾನು ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದೆ. ಮೈದುನ ಬಂದು ಅವನ ಹೆಗಲ ಮೇಲೆ ಕೈ ಹಾಕಿ ತನ್ನ ಮನೆಗೆ ಊಟಕ್ಕೆ ಕರೆದೊಯ್ದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಎತ್ತಲಿಲ್ಲ. ಮೋಟಾರಿನ ಲೈನು ಬಿಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಹೇಳಿದ. “ಅಕ್ಕಾರ, ಹೊಸಾ ಬೋರ್ಡಿಗೆ ಕಾಯಿ ಒಡೀಬೇಕಲ್ರಿ. ಕಾಯಿ, ಹೂವು ತರ್ರಿ.”

ನಮ್ಮಲ್ಲಿ ಹೊಸ ಸಾಮಾನಿಗೆ ಕಾಯಿ ಒಡೆಯದೆ ಕೈ ಹಚ್ಚುವುದಿಲ್ಲ. ನಾನು ಒಳಗೆ ಹೋದೆ. ವಿಭೂತಿ, ಕಾಯಿ, ಎರಡು ಸೇವಂತಿಗೆ ಹೂವು ಹಿಡಿದು ಬರುವಷ್ಟರಲ್ಲಿ ಬೋರ್ಡಿನ ಡಬ್ಬಿಯ ಮುಚ್ಚಳ ಹಾಕಿ ತಂತಿ ಪೋಣಿಸಿ ಸೀಸದ ಸೀಲು ಒತ್ತಿಬಿಟ್ಟಿದ್ದ.

“ಸಾಹೇಬರ ಸೀಲು ಐತ್ರಿ. ಇದನ್ನ ಮುರದ್ರ ಕೇಸು. ಆ ಮನಿ ಸಣ್ಣ ಲೈನೊಂದು ಹಳೇದರಾಗ ಉಳದೈತಿ. ಮುಂದಿನ ವಾರ ಬಂದು ಹಾಕ್ತೇನಿ.” ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದ. ಕಾಯಿಯ ಹೋಳಿಗೂ ನಿಲ್ಲಲಿಲ್ಲ. ಕಾಯಿಯ ಹೋಳು ಬಿಟ್ಟು ಹೋಗುವ ಕೆಲಸಗಾರನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾವ ಖುರ್ಚಿ ತರಿಸಿಕೊಂಡು ಗಿರಣಿ ಬಾಗಿಲಲ್ಲಿ ಕುಳಿತಿದ್ದರು. ಬೀದಿಯವರೆಗೆ ಹೆಂಗಸರ ಸಾಲು, ಕಾಲ ಬಳಿ ಸಜ್ಜೆಯ ಬುಟ್ಟಿ. ಎಲೆ ವ್ಯಾಪಾರದವರ ಮನೆಯ ಚಾಚಿ ಗೋಧಿ ಡಬ್ಬಿಯ ಮೇಲೆಯೇ ಕುಳಿತಿದ್ದಳು. ಕಾಯಿ ಒಡೆದು ಸ್ವಿಚ್ಚು ಹಾಕಿದೆ. ಪಟ್ಟಾ ಓಡಿತು, ಕಲ್ಲು ತಿರುಗಿತು. ಹಿಟ್ಟು ಬೀಳುವ ಅರಿವೆಯ ಚೀಲ ಉಬ್ಬಲಿಲ್ಲ. ಜೋತು ಬಿದ್ದೇ ಇತ್ತು. ಒಳಗೆ ಕಾಳು ಕರಕರ ಎಂದಿತು, ಹೊತ್ತಿದ ವಾಸನೆ ಬಂತು. ಕೈಯೊಡ್ಡಿದರೆ ಬಿಸಿ ಬಿಸಿ ನುಚ್ಚು ನಾಲ್ಕು ಕಾಳು ಬಿತ್ತು.

ಬೀಸುವ ಕಲ್ಲಿಗೆ ಉಳಿಯಿಂದ ಗೆರೆ ಹೊಡೆಸಿರುತ್ತಾರೆ. ಆ ಗೆರೆ ಒಂದೇ ದಿಕ್ಕಿಗೆ ಹಿಟ್ಟನ್ನು ಹೊರಗೆ ತಳ್ಳುತ್ತದೆ. ಹಿಂದಕ್ಕೆ ತಿರುಗಿದರೆ ಕಾಳನ್ನು ಒಳಗೇ ಎಳೆದುಕೊಂಡು ಸುಡುತ್ತದೆ. ಸ್ವಿಚ್ಚು ತೆಗೆದೆ.

“ಏನ್ ಬೇಟಿ, ನಿನ್ನ ಚಕ್ಕಿ ಹಿಂದ್ಕ ನಡ್ಯಾಕತ್ತೈತಲ್ಲ,” ಎಂದಳು ಚಾಚಿ. “ಮನೀಗೆ ಹೋಗತೈತೇನು?”

ಹೆಂಗಸರು ನಕ್ಕರು. ಮೈದುನ ನಗಲಿಲ್ಲ. ಸೀದಾ ಬಂದು ಕೈ ಚಾಚಿದ.

“ವೈನಿ, ಕೀಲಿಕೈ.”

ಮಾವ ಆಕಾಶ ನೋಡಿದರು. “ಹೊತ್ತು ಇನ್ನೂ ಮುಳಗಿಲ್ಲೋ,” ಎಂದರು.

“ಮುಳಗೂದ್ರಾಗ ವಾಯರಮನ್ ಶಿಗ್ಗಾಂವ್ಯಾಗ ಊಟ ಮಾಡಿ ಮಕ್ಕೊಂಡಿರ್ತಾನ, ಅಪ್ಪಾ. ಸೀಲು ಮುರಿಯಾಂವ್ರು ಯಾರು? ಈಕಿ ಮುರದ್ರ ಜೇಲಿಗೆ ಈಕೀನ ಹೊಕ್ಕಾಳು.”

ಸೀಲಿನ ಮಾತು ಅವನಿಗೆ ಹೇಗೆ ಗೊತ್ತಾಯಿತು? ವಾಯರಮನ್ ಹೇಳುವಾಗ ಇವನು ಅಲ್ಲಿ ಇರಲಿಲ್ಲ. ನಾನು ಬೋರ್ಡಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಡಬ್ಬಿಯ ಕೆಳಗಿನಿಂದ ಹೊರಬಂದ ಮೂರು ವಾಯರಿಗೂ ನನ್ನ ಚಿಂದಿ ಹಾಗೆಯೇ ಇದ್ದವು. ಎಡದಿಂದ ಬಲಕ್ಕೆ ಹಸಿರು, ಬಿಳಿ, ಕೆಂಪು.

ನನಗೆ ಆಗ ಬೈಯಬೇಕೆನಿಸಿತು. ಬಾಯಲ್ಲಿ ಬೈಗುಳ ಕಡಿಮೆ ಇರಲಿಲ್ಲ. ಆದರೆ ಬೈಯುತ್ತ ನಿಂತರೆ ಹೊತ್ತು ಮುಳುಗುತ್ತದೆ, ಅವನಿಗೆ ಬೇಕಾದದ್ದೂ ಅದೇ. ಬಾಯಿ ಮುಚ್ಚಿಕೊಂಡು ಯೋಚನೆ ಮಾಡಿದೆ. ವಾಯರಿನ ಒಳಗಿನ ವಿದ್ಯೆ ನನಗೆ ಬರುವುದಿಲ್ಲ, ಡಬ್ಬಿಗೆ ಸೀಲಿದೆ. ಮೋಟಾರು ಹಿಂದಕ್ಕೇ ತಿರುಗಲಿ. ಕಲ್ಲು ಮುಂದಕ್ಕೆ ತಿರುಗಿದರೆ ಸಾಕಲ್ಲ.

ಮಾಸೂರಿನಲ್ಲಿ ನಮ್ಮಪ್ಪ ಕಬ್ಬಿನ ಗಾಣಕ್ಕೆ ಇಂಜಿನ್ ಕೂಡಿಸಿದ್ದ. ಜಾಗ ಇಕ್ಕಟ್ಟಾಗಿ ಇಂಜಿನ್ ತಿರುಮುರುಗಾಗಿ ಕೂತಿತ್ತು, ಗಾಣ ಹಿಂದಕ್ಕೆ ತಿರುಗುತ್ತಿತ್ತು. ಅಪ್ಪ ಇಂಜಿನ್ ಎತ್ತಿಸಲಿಲ್ಲ. ಪಟ್ಟಾವನ್ನು ನಡುವೆ ಒಂದಕ್ಕೊಂದು ಅಡ್ಡ ಹಾಯುವಂತೆ, ಕತ್ತರಿಯ ಹಾಗೆ ಹಾಕಿದ. ಒಂದು ಗಾಲಿ ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ ತಿರುಗಿತು. ನಾನು ಕಬ್ಬಿನ ಸಿಪ್ಪೆಯ ಮೇಲೆ ಕುಳಿತು ನೋಡಿದ್ದೆ. ಸಾಲಿಯಲ್ಲಿ ಕಲಿತದ್ದು ಒಂದೂ ಉಳಿದಿಲ್ಲ, ಇದು ಉಳಿದಿತ್ತು.

ಕತ್ತರಿ ಹಾಕಲು ಪಟ್ಟಾ ತುಸು ಉದ್ದ ಬೇಕು. ಹಳೆಯ ಇಂಜಿನ್ನಿಗೆ ಗಂಡ ಹಾನಗಲ್ಲಿನಿಂದ ತಂದ ಚರ್ಮದ ಪಟ್ಟಾ ಚೀಲಗಳ ಕೆಳಗೆ ಸುರುಳಿಯಾಗಿ ಬಿದ್ದಿತ್ತು. ಎಳೆದು ತಂದೆ, ಅಳತೆ ನೋಡಿ ಕೊಯ್ದೆ, ಕಬ್ಬಿಣದ ಕೊಂಡಿ ಹಾಕಿ ಕೂಡಿಸಿದೆ. ಗಾಲಿಗೆ ಏರಿಸಲು ಒಬ್ಬಳ ಕೈ ಸಾಲಲಿಲ್ಲ. ಚಾಚಿ ಡಬ್ಬಿ ಬಿಟ್ಟು ಎದ್ದು ಬಂದು ಸೆರಗು ಸಿಕ್ಕಿಸಿ ಹಿಡಿದಳು. ಸಾಲಿನಲ್ಲಿದ್ದ ಇನ್ನಿಬ್ಬರು ಹಿಂದಿನಿಂದ ಜಗ್ಗಿದರು.

“ನೋಡ್ರೋ, ವೈನಿ ಪಟ್ಟಾಕ್ಕ ಜಡಿ ಹಾಕಾಕತ್ತಾರ,” ಎಂದ ಮೈದುನ, ಬೀದಿಯವರಿಗೆ ಕೇಳುವಂತೆ.

“ಹೌದಪ್ಪಾ,” ಎಂದೆ. “ಜಡಿ ಹಾಕೂದು ಹೆಣಮಕ್ಕಳಿಗೇ ಬರತೈತಿ. ನಿನಗ ಬರೂದು ಬಿಚ್ಚೂದು ಒಂದ.”

ಸ್ವಿಚ್ಚು ಹಾಕಿದೆ. ಪಟ್ಟಾ ನಡುವೆ ಉಜ್ಜಿ ಪಟಪಟ ಸದ್ದು ಮಾಡಿತು. ಕಲ್ಲು ಒಮ್ಮೆ ಗುರ್ ಎಂದು ಮುಂದಕ್ಕೆ ತಿರುಗಿತು. ಅರಿವೆಯ ಚೀಲ ಉಬ್ಬಿತು. ಸಜ್ಜೆಯ ಹಿಟ್ಟು ಬೂದು ಬಣ್ಣಕ್ಕೆ, ಮೆತ್ತಗೆ, ಬೆಚ್ಚಗೆ ಬಿತ್ತು. ಮಾವ ಎದ್ದು ಬಂದು ಒಂದು ಚಿಟಿಕೆ ಹಿಟ್ಟು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಮೈದುನನ ಮುಖ ನೋಡಿದರು. ಅವರಿಗೂ ತಿಳಿಯಿತು ಎಂದು ನನಗೆ ತಿಳಿಯಿತು. “ಆತು,” ಎಂದಷ್ಟೇ ಹೇಳಿ ಖುರ್ಚಿ ಒಯ್ಯಿಸಿದರು. ಮಗನಿಗೆ ಒಂದು ಮಾತು ಅನ್ನಲಿಲ್ಲ. ಅದನ್ನೂ ನಾನು ಮರೆತಿಲ್ಲ. ಹೊತ್ತು ಮುಳುಗುವಾಗ ಸಾಲಿನಲ್ಲಿ ಒಂದು ಡಬ್ಬಿಯೂ ಉಳಿದಿರಲಿಲ್ಲ, ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

ಮುಂದಿನ ವಾರ ವಾಯರಮನ್ ಬಂದ. ತಲೆ ತಗ್ಗಿಸಿಕೊಂಡೇ ಹೇಳಿದ. “ತಪ್ಪಾತ್ರಿ ಅಕ್ಕಾರ. ಸೀಲು ತಗದು ಸರಿ ಮಾಡ್ತೇನಿ, ಒಂದ ನಿಮಿಷದ ಕೆಲಸ.”

“ಬ್ಯಾಡ,” ಎಂದೆ. “ಹಂಗ ಇರಲಿ.”

ಹನ್ನೊಂದು ವರ್ಷ ಹಾಗೇ ಇಟ್ಟೆ, ಆ ಮೋಟಾರು ಸುಡುವವರೆಗೆ. ಕತ್ತರಿ ಹಾಕಿದ ಪಟ್ಟಾ ಬೇಗ ಸವೆಯುತ್ತದೆ. ಸವೆಯಲಿ ಎಂದು ಬೇರೆ ಪಟ್ಟಾ ಹಾಕಿದೆ. ದುಂಡಸಿಯಿಂದ, ಬಂಕಾಪುರದಿಂದ ಬಂದವರೂ ಕೇಳುತ್ತಿದ್ದರು, ಇದ್ಯಾಕವ್ವಾ ಪಟ್ಟಾ ಹಿಂಗ ತಿರುವಿ ಹಾಕೀರಿ ಎಂದು. ನಾನು ಹೇಳುತ್ತಿದ್ದೆ. ‘ನನ್ನ ಮೈದುನ ವಾಯರ್ ಅದಲಬದಲ ಮಾಡಿಸಿದ. ಅಲ್ಲೇ ಕಟ್ಟಿ ಮ್ಯಾಲೆ ಕುಂತಾನ, ಬೇಕಾದ್ರ ಕೇಳ್ರಿ.’ ಕಾಳು ಬೀಸುವಷ್ಟು ಹೊತ್ತು ಬೇರೆ ಕೆಲಸವಿಲ್ಲದ ಜನ. ಎಲ್ಲರೂ ಅವನ ಕಡೆ ಹೊರಳಿ ನೋಡುತ್ತಿದ್ದರು. ಅವನ ಮಗನಿಗೆ ಹೆಣ್ಣು ಕೊಡಲು ಹಿರೇಕೆರೂರಿನವರು ಬಂದಿದ್ದರು. ಅವರೂ ಗಿರಣಿ ನೋಡಿ ಕೇಳಿದರು. ಅವರಿಗೂ ಹೇಳಿದೆ. ಆ ಸಂಬಂಧ ಕೂಡಲಿಲ್ಲ. ಹುಡುಗನ ತಪ್ಪೇನೂ ಇರಲಿಲ್ಲ. ಆದರೂ ಹೇಳಿದೆ. ಕೆಟ್ಟದ್ದು ಮಾಡಿದೆ ಎಂದು ಅನ್ನುವವರು ಅನ್ನಲಿ, ನನಗೆ ನಿದ್ದೆ ಚೆನ್ನಾಗಿಯೇ ಬಂದಿದೆ.

ಅದು ನಿಧಾನದ ಕೆಲಸ. ಮೊದಲ ಕೆಲಸವನ್ನು ಪಟ್ಟಾ ತಿರುವಿ ಹಾಕಿದ ಮರುದಿನ ಬೆಳಗ್ಗೆಯೇ ಮಾಡಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಅದು. ಮೈದುನ ಎಂದಿನಂತೆ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಕುಳಿತಿದ್ದ. ಓಣಿಯಲ್ಲಿ ಮೊದಲ ರೇಡಿಯೋ ಅದು. ಸುದ್ದಿ ಕೇಳಲು ಏಳೆಂಟು ಗಂಡಸರು ಸುತ್ತ ಕೂರುತ್ತಿದ್ದರು, ಅವರ ನಡುವೆ ಇವನೇ ಸುದ್ದಿ ಓದುವವನಂತೆ ಕೈ ಆಡಿಸುತ್ತಿದ್ದ. ನಾನು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೊಸ ಬೋರ್ಡಿನ ಹತ್ತಿರ ಹೋದೆ. ಹಳೆಯ ಬೋರ್ಡಿಗೆ ಎಳೆದ ಹಂಗಾಮಿ ವಾಯರಿನ ಫ್ಯೂಜು ಸೀಲಿನ ಹೊರಗಿತ್ತು. ಕಿತ್ತು ಉಡಿಯಲ್ಲಿ ಹಾಕಿಕೊಂಡೆ. ಕಟ್ಟೆಯ ಮೇಲೆ ಮಾತಾಡುತ್ತಿದ್ದ ರೇಡಿಯೋ ನಡುವೆಯೇ ಬಾಯಿ ಮುಚ್ಚಿತು.

ಆಮೇಲೆ ಅವನ ಪಡಸಾಲೆಗೆ ಹೋಗಿ ತಿರುಪುಳಿಯಿಂದ ಹಳೆಯ ಮರದ ಬೋರ್ಡನ್ನು ಬಿಚ್ಚಿದೆ. ಪಿಂಗಾಣಿ ಫ್ಯೂಜು, ಸ್ವಿಚ್ಚು, ಮೊಳೆ, ಮೊಳೆಗೆ ಸುತ್ತಿದ ದಾರ, ಒಂದನ್ನೂ ಬಿಡಲಿಲ್ಲ. ಅವನು ಒಳಗೆ ಓಡಿ ಬಂದ.

“ವೈನಿ, ಏನ್ ಮಾಡಾಕತ್ತೀರಿ?”

“ನಿನ್ನ ಗ್ವಾಡಿ ಮ್ಯಾಲೆ ನಂದೇನೈತಿ ಎಲ್ಲಾ ತಗೀ ಅಂದಿದ್ದೆಲ್ಲಪ್ಪಾ. ತಗ್ಯಾಕತ್ತೇನಿ.”

“ನನ್ನ ಮನಿ ದೀಪ?”

“ಅದು ನನ್ನ ಮೀಟರಿಂದು. ಕಪಾಟು ಕೂಡಸು, ಜಾಗ ಖಾಲಿ ಆತು.”

ಬಾಗಿಲಲ್ಲಿ ಅವನ ಹೆಂಡತಿ, ನನ್ನ ನೆಗೆಣ್ಣಿ ನಿಂತಿದ್ದಳು, ಕೈಯೆಲ್ಲ ಸಜ್ಜೆ ಹಿಟ್ಟು. “ಅಕ್ಕಾ,” ಎಂದು ಒಳಗೆ ಹೋದಳು. ಅವಳಿಗೆ ಗಂಡನ ಗುಣ ನನಗಿಂತ ಚೆನ್ನಾಗಿ ಗೊತ್ತು. ಹೊಸ ಮೀಟರಿಗೆ ಅರ್ಜಿ ಹಿಡಿದು ಶಿಗ್ಗಾಂವಿಗೆ ಅವನು ಎಷ್ಟು ಸಲ ಬಸ್ಸು ಹತ್ತಿದನೋ, ಮುಂದಿನ ವರ್ಷದ ಎಳ್ಳ ಅಮಾವಾಸ್ಯೆಗೂ ಅವನ ಮನೆಯಲ್ಲಿ ಕರೆಂಟು ಇರಲಿಲ್ಲ.

ಬೋರ್ಡನ್ನು ಬಗಲಲ್ಲಿ ಹಿಡಿದು ಮನೆಗೆ ಬಂದೆ. ಮೊಳೆಗೆ ತೂಗುಬಿದ್ದಿದ್ದ ಹಳೆಯ ಕಂದೀಲು ಇಳಿಸಿ ಗಾಜು ಒರೆಸಿದೆ, ಎಣ್ಣೆ ತುಂಬಿದೆ, ಬತ್ತಿ ಕತ್ತರಿಸಿದೆ. ಬಿಸಿಲು ಆಗಲೇ ಓಣಿಗೆ ಇಳಿದಿತ್ತು. ಆ ಬಿಸಿಲಿನಲ್ಲೇ ಕಂದೀಲು ಹೊತ್ತಿಸಿ ತಂದು, ಗಂಡಸರೆಲ್ಲ ನೋಡುತ್ತಿರುವಾಗ, ಅವನ ಕಟ್ಟೆಯ ಮೇಲೆ ರೇಡಿಯೋದ ಪಕ್ಕ ಇಟ್ಟೆ. ಸೊಂಟದಿಂದ ಕೀಲಿಕೈ ತೆಗೆದು ಗಿರಣಿ ಬಾಗಿಲು ತೆರೆದೆ.